ನಾಕು ಮಂದಿ ಅಷ್ಟ

ನಾಕು ಮಂದಿ ಅಷ್ಟರೀ, ಐದನೇದವರು ದಂಡಿಗೆ ಕೂಡ್ರಿ.
ಹರಗೋಲ ಅಂದ್ರ ಬುಟ್ಟಿ, ಬಸ್ಸಲ್ಲ.
ಕನ್ನಡಕದವರು ಈ ಕಡೆ. ನೀವು ಅವರ ಎದುರಿಗೆ.
ತೂಕಾ ನಾನು ಕಣ್ಣಾಗ ಅಳೀತೀನಿ,
ಮೀನ ಮಾರಿದ ಕಣ್ಣು, ನೂರು ಗ್ರಾಮ ತಪ್ಪೂದಿಲ್ಲ.
ಕ್ಯಾಮೆರಾ ಚೀಲಾ ನಡುವ ಇಡ್ರಿ. ತಳಕ್ಕ ಡಾಂಬರೈತಿ,
ಹೊಸಾ ಪ್ಯಾಂಟಿನ ಆಸೆ ಬಿಟ್ಟಬಿಡ್ರಿ.

ಪಿಸಪಿಸ ಅನಬ್ಯಾಡ್ರಿ.
ಅವು ಮನಷ್ಯಾರ ದನಿಗೆ ಅಂಜೂದಿಲ್ಲ,
ಪಿಸಮಾತಿಗೆ ಅಂಜತಾವು.
ನಮ್ಮ ಮುತ್ಯಾ ಅಂತಿದ್ದ:
ಹೊಳಿಯಾಗ ಪಿಸಪಿಸ ಅನ್ನಾಂವ
ಬಲಿ ಬೀಸಾಕ ಬಂದಾಂವ.

ಇದು ದಿನಾ ಹೇಳೂ ಮಾತು.
ವರದಾ ಬಂದು ತುಂಗಭದ್ರಾ ಕೂಡೂವಲ್ಲಿ
ಥಂಡಿ ದಿನದ ಮಂಜು ಇನ್ನೂ ನೀರ ಬಿಟ್ಟ ಎದ್ದಿರೂದಿಲ್ಲ,
ನಾನು ಹುಟ್ಟ ಹಾಕೂಕಿಂತ ಮೊದಲ ಇಷ್ಟ ಹೇಳಿರ್ತೀನಿ.

ಮೊನ್ನೆ ಬಂದಿದ್ರು ಹುಬ್ಬಳ್ಳಿಯ ಇಂದುಮತಿ ಮೇಡಂ,
ಹಲ್ಲಿನ ಡಾಕ್ಟರು. ಯಾವದೋ ಬಡಗಣ ಸಮುದ್ರ ನೋಡಿಬಂದವರು.
ಅಲ್ಲಿ ದೋಣಿಯಾಗ ಆರ ಮಂದಿ ಅಂತ,
ದಂಡಿಗೆ ಕರಡಿ ನಿಂತು ಮೀನ ಹಿಡೀತಿತ್ತಂತ,
ತಿಮಿಂಗಿಲ ಎದ್ದು ಉಸರ ಬಿಟ್ರ
ತೆಂಗಿನ ಗಿಡದೆತ್ತರ ನೀರಂತ.
ನಮ್ಮ ಕರಡಿ ಬಾರೀಹಣ್ಣು, ಗೆದ್ದಲ, ಜೇನ ತಿಂದು ಬಾಳೇವು ಮಾಡತೈತಿ.
ಮೀನ ಹಿಡಿಯೂ ಕರಡಿ!
ಅದಕ್ಕೂ ಬಲಿ ಹರದ ಸಿಟ್ಟು ಇರತೈತೇನು?
ಕೇಳಬೇಕಂತ ಮಾಡಿದ್ದೆ. ಅಷ್ಟರಾಗ ಗುಳ್ಳಿ ಎದ್ದವು,
ಅನ್ನ ಕುದಿಯೂ ಗುಳ್ಳಿ ಹಾಂಗ, ಒಂದ ಸಾಲು,
ಬಂಡಿಗಲ್ಲಿನ ಕಡೆ ಹೊಂಟಿದ್ದವು.
"ಮೇಡಂ, ನಮ್ಮದೂ ಉಸರ ಬಿಡಾಕತ್ತೈತಿ ನೋಡ್ರಿ."

ನೀರನಾಯಿ.
ಮೂರು ವರ್ಷದ ಹಿಂದ ಇದನ್ನ ಕಂಡ್ರ ಕಲ್ಲ ಒಗೀತಿದ್ದೆ.
ರಾತ್ರಿ ಬಿಟ್ಟ ಬಲಿ ಮುಂಜಾನೆ ಜಾಲರಿ ಅಲ್ಲ, ತೂತು.
ಮೀನ ಅರ್ಧಾ ತಿಂದು ಅರ್ಧಾ ಇಟ್ಟಿರ್ತಿತ್ತು,
ಇದು ನಿನ್ನ ಪಾಲು ಗುಡ್ಡಪ್ಪಾ, ಅಂದಂಗ.
ಈಗ ಅದ ಕಳ್ಳನ್ನ ತೋರಸಾಕ ತಲಾ ಮುನ್ನೂರು.
ನೀಲವ್ವ ನಗತಾಳ:
"ಕಳ್ಳನ ಮನಿಗೆ ದಾರಿ ತೋರಸೂ ನೌಕರಿ!"

ಕಲ್ಲ ಮ್ಯಾಲ ಹತ್ತಿತು. ಮೈ ಝಾಡಿಸಿತು.
ಮೀಸಿಯಾಗಿನ ನೀರ ಒರಸದ
ನಮ್ಮನ್ನ ನೋಡಿತು, ಬ್ಯಾಂಕಿನ ಸಾಹೇಬರು ನೋಡಿದಂಗ.
ಟಕಟಕಟಕ. ನಾಕು ಕ್ಯಾಮೆರಾ, ಒಂದ ಮಳಿ.
ಆಮ್ಯಾಲ ನೀರು ಮುಚ್ಚಿಗೊಂಡತು.

ರಾಣೆಬೆನ್ನೂರಿನ ಹುಡುಗ, ಜಾವೀದ,
"ಕಾಕಾ, ನೀವೂ ನೋಡ್ರಿ" ಅಂತ ಪರದೆ ಮುಂದ ಹಿಡದ.
ಬಟ್ಟು ಒತ್ತಿ ದೊಡ್ಡದು ಮಾಡಿದ. ಮೂಗು. ಹಲ್ಲು.
ಇನ್ನೂ ದೊಡ್ಡದು ಮಾಡಿದ.
ಕೊರಳಾಗ ಒಂದು ಹಸರು ದಾರ.

ನಮ್ಮಾಕಿ ಎಡಚಿ.
ಅಕಿ ಹಾಕಿದ ಗಂಟು ಎಡಕ್ಕ ಬಾಗಿರತೈತಿ,
ಈ ಹೊಳಿಗುಂಟ ಎಷ್ಟ ಮನಿ ಬಲಿ ಹೆಣದ್ರೂ
ಅಂಥಾ ಗಂಟು ಇನ್ನೊಂದಿಲ್ಲ.
ಇಪ್ಪತ್ತು ಮಾರು ದೂರಿಂದ ನನ್ನ ಕಣ್ಣಿಗೆ ಕಾಣಲಿಲ್ಲ,
ಹುಡುಗನ ಗಾಜಿಗೆ ಕಂಡತು.

"ಚಿಂತಿ ಬ್ಯಾಡ ಕಾಕಾ" ಅಂದ ಜಾವೀದ,
"ಕಂಪ್ಯೂಟರಿನಾಗ ಒಂದ ನಿಮಿಷ,
ಆ ದಾರ ಇತ್ತಂತ ಗೊತ್ತೂ ಆಗೂದಿಲ್ಲ."
ಛಲೋ ಹುಡುಗ. ಇಳಿಯೂ ಮುಂದ ಚಹಾಕ್ಕಂತ
ನೂರು ರೂಪಾಯಿ ಹೆಚ್ಚಿಗಿ ಕೊಟ್ಟ.
ನಾನು ತಗೊಂಡೆ.

ರಾತ್ರಿ ರೊಟ್ಟಿ ಮುಂದ ಕುಂತು ಹೇಳಿದೆ.
ನೀಲವ್ವ ಬಲಿ ಹೆಣಿಯೂ ಕೈ ನಿಂದರಿಸಿದಳು.
ದಾರ ಯಾರದಂತ ಕೇಳಲಿಲ್ಲ.
"ಬಿಗಿ ಐತೇನು?"
ಅಷ್ಟ ಕೇಳಿದಳು.
ಫೋಟೋದಾಗ ಬಿಗಿ ತಿಳಿಯೂದಿಲ್ಲ, ಅಂದೆ.

ಹಿಲಾಲಿನ ಬತ್ತಿ ಇಳಿಸಿ, ಬಾಳೊತ್ತು ಸುಮ್ಮಿದ್ದು,
"ನಾಳೆ ಮೂರ ಮಂದಿ ಅನ್ನು.
ನಾನೂ ಬರ್ತೀನಿ."

ಕತ್ತರಿ ತಲದಿಂಬಿನ ಬುಡಕ ಇಟಗೊಂಡು ಮಲಗ್ಯಾಳ.
ಮೂವತ್ತು ವರ್ಷ ಬಲಿ ಹೆಣದಾಕಿ
ಒಮ್ಮೆನೂ ಹರಗೋಲ ಹತ್ತಿಲ್ಲ.
ನಾನು ಕತ್ತಲಾಗ ಅಕಿ ತೂಕಾ ನೋಡಾಕತ್ತೀನಿ,
ಯಾವ ಕಡೆ ಕೂಡ್ರಸಬೇಕು ತಿಳೀವಲ್ದು.